ಹಳೇ ಗಾಡಿಗೆ ಸಿಕ್ಕದ್ ಸಾಕ್ ಅಂಬವ್ರಿಗೆ

ಅಕ್ಕಂದಿರೇ, ಅತ್ತಿಗೆಯವರೇ, ಈ ಸಲ ಪತ್ರೊಡೆಯೂ ಇಲ್ಲೆ, ಹಲಸಿನ ಹಪ್ಪಳವೂ ಇಲ್ಲೆ. ಎಂಜಿನ್ ಆಯಿಲ್ ಫಿಲ್ಟರ್ ಬಗ್ಗೆ ಬರಿತಿದ್ದೆ. ನಗಾಡ್ಬೇಡಿ. "ಅದೆಲ್ಲ ಗಂಡ್ಸ್ರ ಕೆಲ್ಸ ಮಾರಾಯ್ತಿ" ಅಂತ ಹೇಳುವವರು ನಮ್ಮಲ್ಲೇ ಜಾಸ್ತಿ ಇದ್ದಾರೆ, ಬರೆದದ್ದು ಅವರಿಗಾಗಿಯೇ.

ನಮ್ಮನಿ ಒಮ್ನಿ 2007ರದ್ದ್. 2022ರಗೆ 15 ವರ್ಷ ತುಂಬ್ತ್, ಮತ್ತೆ 5 ವರ್ಷಕ್ಕೆ ಆರ್‌ಸಿ ಮಾಡ್ಸಿದ್. ಮನೆಯವ್ರ್ ಬೆಂಗ್ಳೂರಗೆ ಹೋಟ್ಲಗೆ ಇಪ್ಪುದ್. ಹಾಂಗಾಗಿ ಅತ್ತೆಯನ್ನು ಕುಂದಾಪ್ರ ಆಸ್ಪತ್ರಿಗೆ ಕರ್ಕಂಡ್ ಹೋಪ್ದ್, ಕೊಲ್ಲೂರಿಗೆ ನೆಂಟರನ್ನು ಮುಟ್ಟಿಸುವುದು, ಎಲ್ಲ ನಾನೇ. ಹೋದ ಮಳ್ಗಾಲದಗೆ ಆಯಿಲ್ ಬದ್ಲ್ ಮಾಡ್ಸಿ ಮೂರನೇ ದಿವ್ಸ. ಅತ್ತೆಯನ್ನು ಕೂರಿಸಿಕೊಂಡು ಕುಂದಾಪ್ರದಿಂದ ಬಪ್ಪತಿಗೆ, ಮರವಂತೆ ದಾಟಿದ ಮೇಲೆ, ಎಣ್ಣೆ ಹೂಜಿಯ ಹಾಂಗಿಪ್ಪ ಕೆಂಪು ದೀಪ ಹೊತ್ಕಂಡ್ತ್. ಗಾಡಿ ಬದಿಗೆ ಹಾಕಿ ಎಂಜಿನ್ ಬಂದ್ ಮಾಡಿ ಫೋನ್ ಮಾಡಿದೆ. "ಹಳೇ ಗಾಡಿ ಅಲ್ದಾ, ವಯರ್ ಎಂತದೋ ಆಯಿರತ್ತ್, ನಿಧಾನ ಮನಿಗ್ ಮುಟ್ಟ್ಸ್" ಅಂದ್ರ್ ಮನೆಯವ್ರ್. ನಾನ್ ಮುಟ್ಟಿಸಲಿಲ್ಲ. ಮಳೆಯಲ್ಲೇ ಬಗ್ಗಿ ಕಂಡ್ರೆ ಅಡಿಯಿಂದ ಎಣ್ಣೆ ತೊಟ್ಟಿಕ್ಕುತ್ತಾ ಇತ್ತ್.

ಬಂದ ಮೆಕ್ಯಾನಿಕ್ ಗಂಡ್ ಫಿಲ್ಟರ್ ಬಿಚ್ಚಿ ತೋರ್ಸಿದ. ಹಳೇ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು, ಅದರ ಮೇಲೇ ಹೊಸದನ್ನು ತಿರುಪಿದ್ರ್. ಒಂದರ ಮೇಲೊಂದು ಎರಡು ರಬ್ಬರ್ ಕೂತರೆ ಸಂದಿನಲ್ಲಿ ಎಣ್ಣೆ ಹೊರಗೆ ಬಾರದೆ ಎಂತ ಆತ್ತ್? ಸಾಲದ್ದಕ್ಕೆ ಆ ಫಿಲ್ಟರ್ ನಮ್ಮ ಗಾಡಿಯದ್ದೇ ಅಲ್ಲ, ಬೇರೆ ಯಾವುದರದ್ದೋ ನಂಬರ್. ಹಾಕಿದಲ್ಲಿ ಹೋಗಿ ಕೇಂಡ್ರೆ ಉತ್ತರ ಒಂದೇ: "ಹಳೇ ಗಾಡಿ ಅಕ್ಕಾ, ತಿರುಪಿಗೆ ಕೂತಿತ್, ಸಾಕಲ್ದಾ?"

ಸಾಕಾತಿಲ್ಲೆ. ತಿರುಪಿಗೆ ಕೂತದ್ದೆಲ್ಲ ಫಿಲ್ಟರ್ ಆಪ್ದಾದ್ರೆ, ಬಾಯಿಗೆ ಕೂತ ಮುಚ್ಚಳವೆಲ್ಲ ಕುಕ್ಕರಿನದ್ದೇ ಅಂತ ಹೇಳ್ಕ್. ಕುಕ್ಕರಿಗೆ ಸೀಟಿಯೂ ಬೇಕು, ಸೇಫ್ಟಿ ವಾಲ್ವೂ ಬೇಕು. ಫಿಲ್ಟರಿನದ್ದೂ ಹಾಂಗೇ. ಹೊರಗೆ ಕಾಂಬುಕೆ ಬರೀ ಡಬ್ಬಿ. ಒಳಗೆ ನೆರಿಗೆ ನೆರಿಗೆ ಮಡಚಿದ ಕಾಗದ ಇರತ್ತ್, ಎಂಜಿನ್ ಸವೆದು ಬಂದ ಲೋಹದ ಪುಡಿ, ಮಸಿ ಅದರಲ್ಲಿ ತಡೆಯುತ್ತದೆ. ಎಂಜಿನ್ ನಿಲ್ಲಿಸಿದಾಗ ಎಣ್ಣೆ ಪೂರ್ತಿ ಕೆಳಗೆ ಇಳಿದು ಹೋಗದ ಹಾಂಗೆ ತಡೆಯುವುದಕ್ಕೆ ತುಂಬಾ ಫಿಲ್ಟರಿನಲ್ಲಿ ಒಂದು ರಬ್ಬರ್ ಹಾಳೆ ಇರತ್ತ್. ಅದು ಗಟ್ಟಿಯಾಗಿದ್ದರೆ, ಇಲ್ಲದಿದ್ದರೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಗಳಿಗೆ ಎಂಜಿನ್ ಒಣಗಿದ ಗಂಟಲಿನಲ್ಲಿ ಗಡಗಡ ಅಂತದೆ. ಇನ್ನೊಂದು ಸಣ್ಣ ವಾಲ್ವ್. ಕಾಗದ ಕಸ ತುಂಬಿ ಕಟ್ಟಿಕೊಂಡರೆ ಅದು ತೆರೆದು, ಸೋಸದ ಎಣ್ಣೆಯನ್ನೇ ಒಳಗೆ ಬಿಡುತ್ತದೆ. ಎಣ್ಣೆಯೇ ಇಲ್ಲದ್ದಕ್ಕಿಂತ ಗಲೀಜು ಎಣ್ಣೆ ವಾಸಿ, ಅಷ್ಟೇ ಲೆಕ್ಕ. ಆ ವಾಲ್ವ್ ಎಷ್ಟು ಒತ್ತಡಕ್ಕೆ ತೆರಿಕ್ ಅಂಬುದು ಒಂದೊಂದು ಎಂಜಿನ್ನಿಗೆ ಒಂದೊಂದು. ಡಬ್ಬಿಯ ಹೊರಮೈ ಕಂಡು ಇದು ಯಾರಿಗೆ ಗೊತ್ತಾತ್ತ್?

ಇನ್ನು "ಹಳೇ ಗಾಡಿ" ಅಂಬ ಮಾತು. ನಂಗೆ ಹೆಚ್ಚು ಸಿಟ್ಟು ಬಪ್ಪುದೇ ಇದಕ್ಕೆ. ಹಳೇ ಎಂಜಿನ್ನಿನಲ್ಲಿ ಸವೆತ ಜಾಸ್ತಿ, ಬೇರಿಂಗ್ ಸಂದು ಅಗಲ ಆಗಿರತ್ತ್, ಎಣ್ಣೆಯ ಒತ್ತಡ ಕಡಿಮೆ, ಮಸಿ ಬೇಗ ಕಟ್ಟುತ್ತದೆ. ನಮ್ಮ ಹಾಂಗೆ ಪೇಟೆಗೆ, ಶಾಲೆಗೆ ಅಂತ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವವರ ಎಂಜಿನ್ ಸಮಾ ಬಿಸಿಯೇ ಆತಿಲ್ಲೆ, ಒಳಗಿನ ತೇವ ಆರದೆ ಎಣ್ಣೆ ಕೆಸರು ಆತ್ತ್. ಹೊಸ ಗಾಡಿ ಒಂದೆರಡು ತಪ್ಪು ತಡಕಂತ್, ಹಳತಕ್ಕೆ ಆ ತ್ರಾಣ ಇಲ್ಲೆ. ಎಂಬತ್ತರ ಅತ್ತೆಗೆ ಗಂಜಿ ಮೆತ್ತಗೆ ಬೇಯಿಸ್ತ್ರೋ, "ವಯಸ್ಸಾಯ್ತಲ್ದಾ, ಎಂತ ಕೊಟ್ರೂ ಆತ್ತ್" ಅಂತ್ರೋ?

"ಹಳತಕ್ಕೆ ಸಾಮಾನ್ ಸಿಕ್ತಿಲ್ಲೆ" ಅಂಬುದೂ ಸುಳ್ಳೇ. ಮಾರುತಿ 800 ನಿಂತದ್ದು 2014ರಲ್ಲಿ, ಒಮ್ನಿ 2019ರಲ್ಲಿ. ಎರಡರಲ್ಲೂ ಇದ್ದದ್ದು 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನೇ, ಇಷ್ಟು ವರ್ಷ ಊರೆಲ್ಲಾ ಓಡಿದ್ದು. ಅದರ ಫಿಲ್ಟರ್ ಸಿಗದೇ ಇಪ್ಪುಕೆ ಎಂತ ಆಯಿತ್? ಆದ್ರೂ ಗಾಡಿಯ ಇಸವಿ ಹೇಳಿಯೇ ಕೇಣಿ, ಆರ್‌ಸಿ ಕೈಯಲ್ಲೇ ಇರಲಿ. ಕಂಪೆನಿಯ ಮುದ್ರೆಯದ್ದೇ ಆಯ್ಕ್ ಅಂತ ನಾನ್ ಹೇಳುದಿಲ್ಲ. ಒಳ್ಳೆ ಹೆಸರಿನ ಬೇರೆಯವರದ್ದೂ ಅಕ್ಕ್, ನಮ್ಮ ಗಾಡಿಗೆ ಅಂತ ಅವರೇ ಬರೆದ ನಂಬರ್ ಆಗಿದ್ದರೆ. ದುಬಾರಿಯದ್ದು, ದೊಡ್ಡ ಡಬ್ಬಿಯದ್ದು ಒಳ್ಳೇದು ಅಂಬುದು ಮಾತ್ರ ಬರೀ ಭ್ರಮೆ.

ಹಣದ ಮಾತಾ? ನಾನ್ ಎರಡನೇ ಸಲ ಕೊಟ್ಟದ್ದು 100ರ ಮೇಲೆ ಚಿಲ್ರೆ. ಆ ದಿವ್ಸ ಮನೆಯವರ ಮಾತು ಕೇಂಡ್ಕಂಡ್ ಓಡಿಸಿದ್ದರೆ ಎಂಜಿನ್ ಕಚ್ಚಿಕೊಂಡು, ಸಾವಿರಗಟ್ಟಲೆಯ ಲೆಕ್ಕ ಆಗ್ತಿತ್ತು.

ಬಂಗುಡೆ ತಕಂಬುಕೆ ಹೋದರೆ ನಾವು ಕಿವಿ ಎತ್ತಿ ಕೆಂಪು ಇತ್ತಾ ಅಂತ ಕಾಂತೋ. ಕಣ್ಣು ಒಳಗೆ ಹೋಗಿದ್ದರೆ ಮೀನಮ್ಮನ ಹತ್ರ ಜಗಳಕ್ಕೇ ನಿಲ್ತೋ. ಅದೇ ನಾವು ಗ್ಯಾರೇಜಿನಲ್ಲಿ ಮಾತ್ರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಕಂಡ್ ಮೊಬೈಲ್ ಕಾಂಬುದ್ಯಾಕೆ? ಪೆಟ್ಟಿಗೆ ಒಡೆಯುವ ಮುಂಚೆ ಕೈಗೆ ತಕಣಿ, ನಂಬರ್ ಓದಿ, ಬೆರಳಲ್ಲಿ ರಬ್ಬರ್ ಒತ್ತಿ ಕಾಣಿ. ಬಿಚ್ಚಿದ ಹಳೇ ಫಿಲ್ಟರ್ ಕೇಣಿ, ಅದರ ರಬ್ಬರ್ ಅದರಲ್ಲೇ ಇತ್ತಾ ಅಂತ ಕಾಣಿ. ಹೊಸದರ ರಬ್ಬರಿಗೆ ಒಂದು ಬೆರಳು ಎಣ್ಣೆ ಸವರಿ ಕೈಯಲ್ಲೇ ತಿರುಪಲಿ, ಪಾನಾ ಹಾಕಿ ಬಿಗಿಯುವುದು ಬ್ಯಾಡ. ಸ್ಟಾರ್ಟ್ ಮಾಡಿದ ಮೇಲೆ ಕೆಂಪು ದೀಪ ಆರಿತಾ, ಅಡಿಗೆ ತೊಟ್ಟು ಬಿತ್ತಾ, ಎರಡೂ ಕಾಣದೆ ದುಡ್ಡು ಕೊಡ್ಬೇಡಿ. "ನಿಮ್ಗೆಂತಕ್ಕೆ ಅಕ್ಕಾ ಇದೆಲ್ಲ" ಅಂತ ನಂಗೂ ಕೇಂಡ್ರ್. ಓಡ್ಸುದ್ ನಾನ್ ಅಂದೆ.

ಮನೆಯವ್ರ್ ಚೌತಿಗೆ ಬಂದಿದ್ರ್. ಆ ಫಿಲ್ಟರ್, ಎರಡು ರಬ್ಬರ್ ಬಳೆ ಚಾವಡಿಯ ಕಿಟಕಿಯಲ್ಲೇ ಇಟ್ಟಿದ್ದೆ. ತಿರುಗಿಸಿ ತಿರುಗಿಸಿ ಕಂಡು ಎಂತ ಹೇಳದೆ ಅಲ್ಲೇ ಇಟ್ರ್. ಅತ್ತೆ ಒಳಗಿಂದ, "ಮಳೆಯಗೆ ಕೊಡೆ ಹಿಡ್ಕಂಡ್ ನಿಂತದ್ ನಾನ್, ನನ್ನ ಹತ್ರ ಕೇಣ್" ಅಂದ್ರ್.