ದೊಡ್ಡ ಅಕ್ಷರದಲ್ಲಿ ಕೊಟ್ಟ ಮಾತಿಗೆ ದೊಡ್ಡ ಅಕ್ಷರದಲ್ಲೇ ತಿದ್ದುಪಡಿ ಬರಲಿ



‘ಐದು ನಿಮಿಷದಲ್ಲಿ ಆಟೊ, ಇಲ್ಲದಿದ್ದರೆ ₹50’ ಎಂಬ ಜಾಹೀರಾತಿಗಾಗಿ ಆ್ಯಪ್ ಮೂಲಕ ಆಟೊ, ಬೈಕ್ ಸವಾರಿ ಒದಗಿಸುವ ಬೆಂಗಳೂರು ಮೂಲದ ರ‍್ಯಾಪಿಡೊ ಕಂಪನಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಆಗಸ್ಟ್‌ನಲ್ಲಿ ₹10 ಲಕ್ಷ ದಂಡ ವಿಧಿಸಿತು. ಸುದ್ದಿ ಬಂದು ಹೋಯಿತು, ಜನ ಮರೆತರು. ಆದರೆ ಆ ಆದೇಶದಲ್ಲಿರುವ ವಿವರ ಮರೆಯುವಂಥದ್ದಲ್ಲ.

ಕೊಡುತ್ತೇವೆಂದ ₹50 ನಗದಾಗಿರಲಿಲ್ಲ, ಕಂಪನಿಯದೇ ‘ಕಾಯಿನ್’ ಆಗಿತ್ತು. ಅದೂ ‘₹50ರವರೆಗೆ’ ಮಾತ್ರ. ಏಳು ದಿನದೊಳಗೆ ಬಳಸಬೇಕು, ಬೈಕ್ ಸವಾರಿಗಷ್ಟೇ ಬಳಸಬೇಕು. ಮಂಡಿನೋವಿನ ಅಜ್ಜಿಗೆ, ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಿಗೆ ಬೈಕ್ ಸವಾರಿಯ ಕಾಯಿನ್ ಯಾವ ಪರಿಹಾರ? ನಮ್ಮ ರಾಜ್ಯದಲ್ಲಂತೂ 2025ರ ಜೂನ್ 16ರಿಂದ ಹೈಕೋರ್ಟ್ ಆದೇಶದಂತೆ ಬೈಕ್ ಟ್ಯಾಕ್ಸಿಗಳನ್ನೇ ನಿಲ್ಲಿಸಬೇಕಾಯಿತು. ‘ಗ್ಯಾರಂಟಿ ಆಟೊ’ ಎಂಬ ಇನ್ನೊಂದು ಜಾಹೀರಾತಿನ ಕಥೆಯೂ ಇಂಥದೇ. ಗ್ಯಾರಂಟಿ ಕೊಡುವವರು ಚಾಲಕರು, ಕಂಪನಿಯಲ್ಲ ಎಂದು ಷರತ್ತಿನಲ್ಲಿತ್ತು. ಹೆಸರು, ಲಾಭ ಕಂಪನಿಗೆ. ಪ್ರಯಾಣಿಕರ ಬೈಗುಳ ಆಟೊ ಓಡಿಸುವವನಿಗೆ. ನನಗೆ ಅತ್ಯಂತ ಅನ್ಯಾಯವೆನಿಸಿದ್ದು ಇದೇ.

‘ಷರತ್ತು ಓದಿಕೊಳ್ಳದಿದ್ದುದು ಗ್ರಾಹಕರ ತಪ್ಪು’ ಎನ್ನುವವರಿದ್ದಾರೆ. ಅವರು ಬೆಳಗಿನ ಜಾವ ಯಶವಂತಪುರ ರೈಲು ನಿಲ್ದಾಣದ ಹೊರಗೆ ಒಂದರ್ಧ ಗಂಟೆ ನಿಂತು ನೋಡಲಿ. ಊರಿನಿಂದ ಆಸ್ಪತ್ರೆಗೆಂದು ಬಂದವರು ಕಾಗದಪತ್ರದ ಚೀಲ ತೋಳಿಗೆ ಸಿಕ್ಕಿಸಿಕೊಂಡು ಮೊಬೈಲ್ ನೋಡುತ್ತಾ ನಿಂತಿರುತ್ತಾರೆ. ಪರದೆಯ ಮೇಲೆ ಆಟೊ ಹುಡುಕುವ ಚಕ್ರ ತಿರುಗುತ್ತಲೇ ಇರುತ್ತದೆ. ಐದು ನಿಮಿಷದ ಮಾತನ್ನು ನಂಬಿ ನಿಂತವರಿಗೆ ಡಾಕ್ಟರ ಸರದಿ ತಪ್ಪಿದರೆ ಆ ದಿನವೇ ಹೋಯಿತು. ಅವರಿಗೆ ಬೇಕಾದದ್ದು ಆಟೊ. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದ ಷರತ್ತು ಓದುವ ವ್ಯವಧಾನ ಆ ಹೊತ್ತಿನಲ್ಲಿ ಯಾರಿಗಿದೆ?

ಕಾನೂನೂ ಗ್ರಾಹಕರ ಪರವಾಗಿಯೇ ಇದೆ. ಜಾಹೀರಾತಿನ ಷರತ್ತು ಅದರ ಭರವಸೆ ಇರುವ ಭಾಷೆಯಲ್ಲೇ, ಅದೇ ಅಕ್ಷರದಲ್ಲೇ ಇರಬೇಕು, ಮುಖ್ಯ ಮಾಹಿತಿಯನ್ನು ಮುಚ್ಚಿಡಬಾರದು ಎಂದು ದಾರಿತಪ್ಪಿಸುವ ಜಾಹೀರಾತು ತಡೆಯುವ 2022ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಹೀಗಿದ್ದೂ ಈ ಜಾಹೀರಾತು 120ಕ್ಕೂ ಹೆಚ್ಚು ನಗರಗಳಲ್ಲಿ, ಹಲವು ಭಾಷೆಗಳಲ್ಲಿ, 548 ದಿನ ನಡೆಯಿತು. 2024ರ ಜೂನ್‌ನಿಂದ 2025ರ ಜುಲೈವರೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಈ ಕಂಪನಿಯ ವಿರುದ್ಧ ಬಂದ ದೂರುಗಳು 1,224. ಅದಕ್ಕೆ ಹಿಂದಿನ 14 ತಿಂಗಳಲ್ಲಿ ಬಂದಿದ್ದು 575. ಎಲ್ಲವೂ ಇದೇ ಜಾಹೀರಾತಿನ ಕುರಿತಾದವಲ್ಲ, ನಿಜ. ಆದರೂ ಎಚ್ಚೆತ್ತುಕೊಳ್ಳಲು ಅಷ್ಟು ಸಾಕಿತ್ತು.

ನನ್ನ ತಕರಾರು ಪ್ರಾಧಿಕಾರದ ಮೇಲಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಇರುವ ಗರಿಷ್ಠ ದಂಡವೇ ₹10 ಲಕ್ಷ, ಮರುಕಳಿಸಿದರೆ ₹50 ಲಕ್ಷ. ದೇಶದ ಉದ್ದಗಲಕ್ಕೂ ವ್ಯವಹರಿಸುವ ಕಂಪನಿಗಳಿಗೆ ಇದು ಯಾವ ಲೆಕ್ಕ? ಸಂಸತ್ತು ಈ ಮಿತಿಯನ್ನು ಏರಿಸಬೇಕು. ಅದಕ್ಕಿಂತ ತುರ್ತಾದದ್ದು ಇನ್ನೊಂದಿದೆ. ಕೊಡುಗೆ ಬಳಸಿಯೂ ₹50 ಸಿಗದವರಿಗೆ ಹಣ ಮರಳಿಸಿ ಎಂದು ಆದೇಶ ಹೇಳಿದೆ. ಆದರೆ ಇದು ಆ ಪ್ರಯಾಣಿಕರಿಗೆ ತಿಳಿಯುವುದು ಹೇಗೆ? ಐವತ್ತು ರೂಪಾಯಿಗಾಗಿ ಯಾರೂ ದೆಹಲಿಯ ಆದೇಶ ಹುಡುಕುತ್ತಾ ಕೂರುವುದಿಲ್ಲ. ಜಾಹೀರಾತು ಎಲ್ಲೆಲ್ಲಿ ಬಂದಿತ್ತೋ ಅಲ್ಲೆಲ್ಲ, ಅದೇ ಭಾಷೆಯಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಪ್ಪೊಪ್ಪಿಗೆ ಮತ್ತು ಹಣ ವಾಪಸಾತಿಯ ಪ್ರಕಟಣೆ ಕೊಡುವುದನ್ನು ಕಡ್ಡಾಯ ಮಾಡಬೇಕು. ಆ್ಯಪ್ ಕಂಪನಿಗಳಿಗೆ ಲೈಸೆನ್ಸ್ ಕೊಡುವ ನಮ್ಮ ಸಾರಿಗೆ ಇಲಾಖೆ ಇದನ್ನು ಲೈಸೆನ್ಸ್ ಷರತ್ತಾಗಿಯೇ ಸೇರಿಸಲಿ. 

ಓದುಗರಲ್ಲಿ ಒಂದು ವಿನಂತಿ. ಇಂಥ ಜಾಹೀರಾತು ಕಂಡರೆ ಫೋಟೊ ಅಥವಾ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ದೂರು ಹೇಳಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾದರೂ ನೀವು ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

– ಒಬ್ಬ ಪ್ರಯಾಣಿಕ, ಬೆಂಗಳೂರು