ಮಕ್ಕಳ ಸಕ್ಕರೆ ಕಾಯಿಲೆ: ಇನ್ಸುಲಿನ್ ಕೊಟ್ಟರೆ ಮುಗಿಯಲಿಲ್ಲ, ಥೈರಾಯ್ಡ್ ಮತ್ತು ಗೋಧಿಯ ಕಡೆಗೂ ನೋಡಬೇಕು

ಗದಗ: ನವೆಂಬರ್ 14 ಬಂತೆಂದರೆ ಶಾಲೆಗಳಲ್ಲಿ ಮಕ್ಕಳ ದಿನಾಚರಣೆ. ಅದೇ ದಿನ ವಿಶ್ವ ಮಧುಮೇಹ ದಿನ ಕೂಡ. ಒಂದು ಕಡೆ ಮಕ್ಕಳಿಗೆ ಚಾಕೊಲೇಟ್ ಹಂಚಿಕೆ, ಇನ್ನೊಂದು ಕಡೆ ದೊಡ್ಡವರಿಗೆ ಉಚಿತ ಶುಗರ್ ತಪಾಸಣೆ. ಈ ಎರಡರ ನಡುವೆ ಒಂದು ಗುಂಪು ಯಾರ ಕಣ್ಣಿಗೂ ಬೀಳೋದಿಲ್ಲ. ಅದು ಸಕ್ಕರೆ ಕಾಯಿಲೆ ಇರುವ ಮಕ್ಕಳ ಗುಂಪು.

"ಸಕ್ಕರೆ ಕಾಯಿಲೆ ಅಂದ್ರ ವಯಸ್ಸಾದವರಿಗೆ ಬರೋದು, ಕೂಸಿಗೆ ಹೆಂಗ್ ಬರ್ತದ?" ಅನ್ನೋ ಪ್ರಶ್ನೆ ನಮ್ಮ ಊರುಗಳಲ್ಲಿ ಇನ್ನೂ ಇದೆ. ಸರ್ಕಾರದ ಲೆಕ್ಕವೂ ಹೆಚ್ಚುಕಡಿಮೆ ಹಾಗೇ ಇದೆ. ಬಿಪಿ, ಶುಗರ್ ತಪಾಸಣೆಯ ಸರ್ಕಾರಿ ಕಾರ್ಯಕ್ರಮ ಶುರುವಾಗುವುದೇ 30 ವರ್ಷ ದಾಟಿದವರಿಂದ. ಹತ್ತು ವರ್ಷದ ಮಗು ಆ ಪಟ್ಟಿಯೊಳಗೆ ಬರುವುದೇ ಇಲ್ಲ.

ಹಾಗಾದರೆ ಇಂಥ ಮಕ್ಕಳು ಎಷ್ಟಿದ್ದಾರೆ? ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನ ಪ್ರಕಾರ ಭಾರತದಲ್ಲಿ 20 ವರ್ಷದೊಳಗಿನ ಸುಮಾರು 2.29 ಲಕ್ಷ ಮಂದಿಗೆ ಟೈಪ್ 1 ಮಧುಮೇಹವಿದೆ. ಕರ್ನಾಟಕದಲ್ಲಿ 13 ವರ್ಷಗಳ ಕಾಲ ನಡೆದ ನೋಂದಣಿಯೊಂದರಲ್ಲಿ, ವರ್ಷಕ್ಕೆ ಲಕ್ಷ ಗಂಡುಮಕ್ಕಳಲ್ಲಿ 3.7, ಲಕ್ಷ ಹೆಣ್ಣುಮಕ್ಕಳಲ್ಲಿ 4 ಹೊಸ ಪ್ರಕರಣ ಕಂಡುಬಂದಿದ್ದವು. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಜನಸಂಖ್ಯೆ 10.64 ಲಕ್ಷ. ಅದರಲ್ಲಿ 15 ವರ್ಷದೊಳಗಿನವರು ಎರಡೂವರೆಯಿಂದ ಮೂರು ಲಕ್ಷ ಅಂತ ಹಿಡಿದರೆ, ವರ್ಷಕ್ಕೆ ಹತ್ತರ ಆಸುಪಾಸು ಹೊಸ ಮಕ್ಕಳು. ಹತ್ತು ವರ್ಷದ್ದು ಕೂಡಿಸಿದರೂ ನೂರರ ಸುತ್ತಮುತ್ತ.

ಇದು ಒರಟು ಲೆಕ್ಕ. ಆದರೆ ಒಂದು ಮಾತು ಇದರಿಂದ ಸ್ಪಷ್ಟ. ಸಂಖ್ಯೆ ಸಣ್ಣದು ಅಂತಲೇ ಈ ಮಕ್ಕಳನ್ನು ಮರೆಯಲಾಗಿದೆ. ಸಂಖ್ಯೆ ಸಣ್ಣದು ಅಂತಲೇ ಒಬ್ಬೊಬ್ಬರನ್ನೂ ಸರಿಯಾಗಿ ನೋಡಿಕೊಳ್ಳುವುದು ಒಂದು ಜಿಲ್ಲೆಗೆ ಭಾರವೂ ಅಲ್ಲ.

ತಿಂಡಿಯ ತಪ್ಪಲ್ಲ, ತಾಯಿಯ ತಪ್ಪೂ ಅಲ್ಲ

ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವುದು ಟೈಪ್ 2. ಅಲ್ಲಿ ದೇಹದಲ್ಲಿ ಇನ್ಸುಲಿನ್ ಇರುತ್ತದೆ, ಸರಿಯಾಗಿ ಕೆಲಸ ಮಾಡುವುದಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1ರ ಕಥೆಯೇ ಬೇರೆ. ರೋಗಾಣುಗಳ ಮೇಲೆ ದಾಳಿ ಮಾಡಬೇಕಾದ ರೋಗನಿರೋಧಕ ವ್ಯವಸ್ಥೆ, ದಾರಿ ತಪ್ಪಿ ತನ್ನದೇ ದೇಹದ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಕಾವಲಿಗೆ ಇಟ್ಟವನೇ ಮನೆ ದೋಚಿದ ಹಾಗೆ. ಇದನ್ನೇ ಆಟೋಇಮ್ಯೂನ್ ಅಥವಾ ಸ್ವಯಂ ನಿರೋಧಕ ಕಾಯಿಲೆ ಅನ್ನುತ್ತಾರೆ.

ಹಾಗಾಗಿ "ಪೇಡೆ ಜಾಸ್ತಿ ತಿನ್ನಿಸಿದ್ರಿ, ಅದಕ್ಕ ಬಂತು" ಅಂತ ತಾಯಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಇನ್ಸುಲಿನ್ ಬದಲು ಮಾತ್ರೆ, ಕಷಾಯ, ನಾಟಿ ಔಷಧ ಅಂತ ಹೋಗುವುದು ಪ್ರಾಣಕ್ಕೇ ಕುತ್ತು. ಇಲ್ಲಿ ಒಂದು ಮೋಸವೂ ಇದೆ. ಇನ್ಸುಲಿನ್ ಶುರು ಮಾಡಿದ ಮೇಲೆ ಕೆಲವು ಮಕ್ಕಳಲ್ಲಿ ಉಳಿದ ಬೀಟಾ ಕೋಶಗಳು ಕೆಲ ಕಾಲ ಚೇತರಿಸಿಕೊಳ್ಳುತ್ತವೆ, ಇನ್ಸುಲಿನ್ ಬಹಳ ಕಡಿಮೆ ಸಾಕಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಯಾರೋ ಕೊಟ್ಟ ಬೇರು-ನಾರಿಗೆ "ಗುಣ ಆಯ್ತು" ಅನ್ನೋ ಹೆಸರು ಬರುತ್ತದೆ. ಇಂಜೆಕ್ಷನ್ ನಿಲ್ಲಿಸಿದರೆ ಮಗು ಕೆಲವೇ ದಿನಗಳಲ್ಲಿ ತುರ್ತು ನಿಗಾ ಘಟಕ ಸೇರಬೇಕಾಗುತ್ತದೆ.

ಮೊದಲ ಲಕ್ಷಣಗಳನ್ನು ಪಾಲಕರು, ಶಿಕ್ಷಕರು ಬಾಯಿಪಾಠ ಮಾಡಿಕೊಳ್ಳಬೇಕು. ಪದೇ ಪದೇ ಮೂತ್ರ, ತೀರದ ಬಾಯಾರಿಕೆ, ಸುಸ್ತು, ತೂಕ ಇಳಿಯುವುದು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ ಅದನ್ನು ಬೈದು ಸುಮ್ಮನಾಗಬಾರದು. ತಡವಾದರೆ ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಕಾಣಿಸುತ್ತದೆ. ಇದನ್ನು ಅಜೀರ್ಣ ಅಥವಾ ನ್ಯುಮೋನಿಯಾ ಅಂದುಕೊಂಡು ಗ್ಲೂಕೋಸ್ ಬಾಟಲಿ ಏರಿಸಿದರೆ ಬೆಂಕಿಗೆ ಎಣ್ಣೆ ಸುರಿದಂತೆ. ಗ್ಲುಕೋಮೀಟರ್‌ನಲ್ಲಿ ಬೆರಳ ತುದಿಯ ಒಂದು ಹನಿ ರಕ್ತ ಹಾಕಿ ನೋಡಲು ಒಂದು ನಿಮಿಷ ಸಾಕು.

ಒಂದು ಬಂದರೆ ಇನ್ನೊಂದು ಹಿಂದೆಯೇ ಇರಬಹುದು

ಬಹಳಷ್ಟು ಮನೆಗಳಲ್ಲಿ ಇಷ್ಟಕ್ಕೇ ಚಿಕಿತ್ಸೆ ನಿಂತುಬಿಡುತ್ತದೆ. ಇನ್ಸುಲಿನ್ ಶುರುವಾಯಿತು, ಶುಗರ್ ನೋಡುವುದು ಗೊತ್ತಾಯಿತು, ಮುಗಿಯಿತು. ಆದರೆ ದಾರಿ ತಪ್ಪಿದ ನಿರೋಧಕ ವ್ಯವಸ್ಥೆ ಒಂದೇ ಅಂಗಕ್ಕೆ ಸುಮ್ಮನಾಗಬೇಕು ಅಂತೇನಿಲ್ಲ. ದೇಹ ತನ್ನದು ಯಾವುದು, ಪರಕೀಯ ಯಾವುದು ಅಂತ ಗುರುತಿಸಲು ನೆರವಾಗುವ ಎಚ್‌ಎಲ್‌ಎ ಎಂಬ ವಂಶವಾಹಿಗಳಿವೆ. ಅವುಗಳ ಕೆಲವು ಬಗೆಗಳು ಟೈಪ್ 1 ಮಧುಮೇಹಕ್ಕೂ, ಥೈರಾಯ್ಡ್‌ನ ಸ್ವಯಂ ನಿರೋಧಕ ಕಾಯಿಲೆಗೂ, ಸೀಲಿಯಾಕ್ ಕಾಯಿಲೆಗೂ ದಾರಿ ಮಾಡಿಕೊಡುತ್ತವೆ. ಅದಕ್ಕೇ ಇವು ಒಂದೇ ಮಗುವಿನಲ್ಲಿ, ಒಂದೇ ಮನೆಯಲ್ಲಿ ಜೊತೆಯಾಗಿ ಕಾಣಿಸಿಕೊಳ್ಳುತ್ತವೆ.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಥೈರಾಯ್ಡ್. ಟೈಪ್ 1 ಇರುವ ಮಕ್ಕಳಲ್ಲಿ ಸರಿಸುಮಾರು ಐದರಲ್ಲಿ ಒಬ್ಬರ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳು ಸಿಗುತ್ತವೆ. ಹೆಣ್ಣುಮಕ್ಕಳಲ್ಲಿ, ಅದರಲ್ಲೂ ಹರೆಯದ ಹೊತ್ತಿಗೆ ಹೆಚ್ಚು. ಪ್ರತಿಕಾಯ ಇದ್ದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ. ಬಂದರೆ ಮಗು ಮಂಕಾಗುತ್ತದೆ, ಎತ್ತರ ನಿಧಾನವಾಗುತ್ತದೆ, ಮಲಬದ್ಧತೆ ಕಾಡುತ್ತದೆ, ಕೆಲವೊಮ್ಮೆ ಶುಗರ್ ಪದೇ ಪದೇ ಇಳಿಯುತ್ತದೆ. ಇದಕ್ಕೆ ಬೇಕಾದ್ದು ಟಿಎಸ್‌ಎಚ್ ರಕ್ತ ಪರೀಕ್ಷೆ, ಕೊರತೆ ಇದ್ದರೆ ದಿನಕ್ಕೊಂದು ಮಾತ್ರೆ. ಒಂದು ಎಚ್ಚರಿಕೆ ಇದೆ. ಮಗು ತೀರಾ ಅಸ್ವಸ್ಥವಾಗಿ ದಾಖಲಾದ ದಿನವೇ ಈ ಟೆಸ್ಟ್ ಮಾಡಿದರೆ ಫಲಿತಾಂಶ ದಾರಿ ತಪ್ಪಿಸಬಹುದು. ಶುಗರ್ ಹಿಡಿತಕ್ಕೆ ಬಂದ ಮೇಲೆ ಮಾಡಿಸಬೇಕು.

ಎರಡನೆಯದು ಸೀಲಿಯಾಕ್. ಗೋಧಿ ಮತ್ತು ಬಾರ್ಲಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದಾಗ ನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ಒಳಪದರವನ್ನೇ ಹಾಳು ಮಾಡುತ್ತದೆ. ತಿಂದ ಅನ್ನದ ಸತ್ವ ಮೈಗೆ ಹತ್ತುವುದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಟೈಪ್ 1 ಇರುವ ಪ್ರತಿ 100 ಮಂದಿಯಲ್ಲಿ ಸುಮಾರು 5 ಮಂದಿಗೆ ಇದು ಇರುತ್ತದೆ.

ಇಲ್ಲೇ ಇರುವುದು ಗುಟ್ಟು. ಈ ಮಕ್ಕಳಲ್ಲಿ ಹಲವರಿಗೆ ಭೇದಿ, ಹೊಟ್ಟೆ ಉಬ್ಬರ ಯಾವುದೂ ಇರುವುದಿಲ್ಲ. ಎತ್ತರ ನಿಂತುಹೋಗಿರಬಹುದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ನುಂಗಿದರೂ ರಕ್ತಹೀನತೆ ಇಳಿಯದೇ ಇರಬಹುದು. ಅಥವಾ ಎಂದಿನಷ್ಟೇ ಊಟ, ಎಂದಿನಷ್ಟೇ ಇನ್ಸುಲಿನ್ ಇದ್ದರೂ ಶುಗರ್ ದಿಢೀರ್ ಕುಸಿಯಬಹುದು. ಕರುಳು ಆಹಾರ ಹೀರಲಿಲ್ಲ, ಇನ್ಸುಲಿನ್ ಮಾತ್ರ ತನ್ನ ಕೆಲಸ ಮಾಡಿತು. ಮನೆಯವರಿಗೆ ಮಾತ್ರ "ನೀವು ಡೋಸ್ ಸರಿ ಕೊಡ್ತಿಲ್ಲ" ಅನ್ನೋ ಮಾತು ಕೇಳಬೇಕಾಗುತ್ತದೆ.

ಅಪರೂಪಕ್ಕೆ ಅಡ್ರಿನಲ್ ಗ್ರಂಥಿಯೂ ದಾಳಿಗೆ ಸಿಗುತ್ತದೆ. ಇನ್ಸುಲಿನ್ ಅಗತ್ಯ ತಾನಾಗಿ ಕಡಿಮೆಯಾಗುತ್ತಾ ಬಂದು, ಸುಸ್ತು, ಮೈಬಣ್ಣ ಕಪ್ಪಾಗುವುದು, ಉಪ್ಪು ಬೇಕೆನಿಸುವುದು ಕಂಡರೆ "ಕಾಯಿಲೆ ವಾಸಿಯಾಗ್ತಿದೆ" ಅಂತ ಖುಷಿಪಡದೆ ಕೂಡಲೇ ವೈದ್ಯರ ಹತ್ತಿರ ಹೋಗಬೇಕು. ತೊನ್ನು ಕೂಡ ಇದೇ ಬಳಗದ್ದು. ಅದು ಅಂಟುವುದಿಲ್ಲ.

ರೊಟ್ಟಿ ಊರಿನಲ್ಲಿ ಗೋಧಿಯ ಚಿಂತೆ ಯಾಕೆ?

"ಸೀಲಿಯಾಕ್ ಉತ್ತರ ಭಾರತದವರ ಕಾಯಿಲೆ" ಅನ್ನೋ ಮಾತಿದೆ. ಅದಕ್ಕೆ ಆಧಾರವೂ ಇದೆ. 2016ರಲ್ಲಿ ಪ್ರಕಟವಾದ, 23 ಸಾವಿರಕ್ಕೂ ಹೆಚ್ಚು ವಯಸ್ಕರ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10 ಮಂದಿಯಲ್ಲಿ ಮಾತ್ರ ಈ ಕಾಯಿಲೆ ಕಂಡಿತ್ತು. ಆದರೆ ವಂಶವಾಹಿಗಳ ವ್ಯತ್ಯಾಸ ಇದಕ್ಕೆ ಉತ್ತರ ಕೊಡಲಿಲ್ಲ. ತಿನ್ನುವ ಗೋಧಿಯ ಪ್ರಮಾಣದಲ್ಲಿ ದೊಡ್ಡ ಅಂತರವಿತ್ತು. ಅಂದರೆ ನಮ್ಮನ್ನು ಕಾಪಾಡುತ್ತಿರುವುದು ನಮ್ಮ ತಟ್ಟೆ ಇರಬಹುದು, ನಮ್ಮ ರಕ್ತವಲ್ಲ.

ಆ ತಟ್ಟೆ ಬದಲಾಗುತ್ತಿದೆ. ರೊಟ್ಟಿ ಜೊತೆ ಚಪಾತಿ ಬಂದಿದೆ. ಬೆಳಗ್ಗೆ ಚಹಾ ಜೊತೆ ಬಿಸ್ಕೆಟ್, ಟೋಸ್ಟ್, ಸಂಜೆ ನೂಡಲ್ಸ್, ಗೋಬಿ ಮಂಚೂರಿ. ಅದರ ಮೇಲೆ "ಮಧುಮೇಹಕ್ಕೆ ಚಪಾತಿ ಒಳ್ಳೇದು" ಎಂಬ ಸಲಹೆ ಬೇರೆ. ಮೇಲಿನ ಅಂಕಿಗಳು ಸಾಮಾನ್ಯ ವಯಸ್ಕರದ್ದು, ಟೈಪ್ 1 ಇರುವ ಮಕ್ಕಳಿಗೆ ಅಪಾಯ ಹೆಚ್ಚು ಅನ್ನುವುದನ್ನೂ ಮರೆಯಬಾರದು. "ನಮ್ಮ ಕಡೆ ಇಲ್ಲ" ಅಂತ ಟೆಸ್ಟ್ ಬರೆಯದೇ ಇದ್ದರೆ, ಕಾಯಿಲೆ ಇದ್ದರೂ ಸಿಗುವುದಿಲ್ಲ.

ಪಾಲಕರು ಇಲ್ಲಿ ಒಂದು ತಪ್ಪು ಮಾಡಬಾರದು. ಇದನ್ನು ಓದಿ ಇವತ್ತೇ ಮಗುವಿಗೆ ಗೋಧಿ ನಿಲ್ಲಿಸಬೇಡಿ. ಗೋಧಿ ತಿನ್ನುತ್ತಿರುವಾಗಲೇ ರಕ್ತದ ಟಿಟಿಜಿ ಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿ ಮಾಡಬೇಕು. ಮೊದಲೇ ಬಿಟ್ಟರೆ ಇರುವ ಕಾಯಿಲೆಯೂ ಇಲ್ಲ ಅಂತ ಬರಬಹುದು.

ಖಚಿತವಾದರೆ ಗ್ಲುಟನ್ ಜೀವನಪೂರ್ತಿ ಬಿಡಬೇಕು. ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಮಕ್ಕಳಿಗೆ ಒಂದು ಅನುಕೂಲವಿದೆ. ಜೋಳ, ಸಜ್ಜೆ, ನವಣೆ, ರಾಗಿ, ಅಕ್ಕಿ ಯಾವುದರಲ್ಲೂ ಗ್ಲುಟನ್ ಇಲ್ಲ. ಕಷ್ಟ ಇರುವುದು ಕಣ್ಣಿಗೆ ಕಾಣದ ಗೋಧಿಯಲ್ಲಿ. ಉಪ್ಪಿಟ್ಟಿನ ರವೆ, ಶಾವಿಗೆ, ಮೈದಾ ಎಲ್ಲವೂ ಗೋಧಿಯೇ. ಶುಗರ್‌ಗೆ ಒಳ್ಳೇದು ಅಂತ ಮಾರುವ ಖಪಲಿ ಗೋಧಿಯಲ್ಲೂ ಗ್ಲುಟನ್ ಇದೆ. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಲೇಬಲ್ ಓದಬೇಕು. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ಅದರಲ್ಲೇ ಜೋಳ ಬೀಸಿದರೆ ಗೋಧಿ ಹಿಟ್ಟು ಸೇರಿಕೊಳ್ಳುತ್ತದೆ. ಇನ್ನೊಂದು ಮಾತು, ಗ್ಲುಟನ್ ಇಲ್ಲ ಅಂದರೆ ಶುಗರ್ ಏರುವುದಿಲ್ಲ ಅಂತ ಅರ್ಥವಲ್ಲ. ರೊಟ್ಟಿಗೂ ಅನ್ನಕ್ಕೂ ಇನ್ಸುಲಿನ್ ಲೆಕ್ಕ ಬೇಕೇ ಬೇಕು.

ಜಿಲ್ಲೆ ಏನು ಮಾಡಬಹುದು?

ಮಕ್ಕಳ ಮಧುಮೇಹದ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಸಾರ ಸರಳವಾಗಿದೆ. ಥೈರಾಯ್ಡ್ ಪರೀಕ್ಷೆ ಕಾಯಿಲೆ ಪತ್ತೆಯಾದಾಗ, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಸೀಲಿಯಾಕ್ ಪರೀಕ್ಷೆ ಪತ್ತೆಯಾದಾಗ, ನಂತರ ಎರಡು ವರ್ಷದೊಳಗೆ, ಐದು ವರ್ಷದೊಳಗೆ, ಮತ್ತು ಲಕ್ಷಣ ಕಂಡಾಗಲೆಲ್ಲ. ನಮ್ಮ ಐಸಿಎಂಆರ್ ಕೂಡ 2022ರಲ್ಲಿ ಟೈಪ್ 1ಕ್ಕೇ ಪ್ರತ್ಯೇಕ ಮಾರ್ಗಸೂಚಿ ತಂದಿದೆ. ಕಾಗದಕ್ಕೆ ಕೊರತೆ ಇಲ್ಲ, ಅದು ಮುಂಡರಗಿಯ, ನರಗುಂದದ ಮಗುವಿನವರೆಗೆ ಬರಬೇಕು.

ಈಗ ಆಗುವುದೇನು? ಶುಗರ್‌ಗೆ ಒಬ್ಬ ವೈದ್ಯರು, ರಕ್ತಹೀನತೆಗೆ ಇನ್ನೊಬ್ಬರು, ಎತ್ತರ ಬೆಳೀತಿಲ್ಲ ಅಂತ ಮತ್ತೊಬ್ಬರು. ಮೂರೂ ಚೀಟಿ ಒಂದು ಕಡೆ ಸೇರುವುದಿಲ್ಲ. ಹೆಚ್ಚಿನ ತಪಾಸಣೆಗೆ ಹುಬ್ಬಳ್ಳಿಗೆ ಹೋದರೆ ಅಪ್ಪನ ಒಂದು ದಿನದ ಕೂಲಿ, ಬಸ್ ಚಾರ್ಜು, ಲ್ಯಾಬ್ ಬಿಲ್ಲು. ಕೊನೆಗೆ "ಆರಾಮ ಅದಾನಲ್ಲ, ಯಾಕ ಬೇಕು" ಅಂತ ಟೆಸ್ಟ್ ಮುಂದಕ್ಕೆ ಹೋಗುತ್ತದೆ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಟೈಪ್ 1 ಮಕ್ಕಳ ಕ್ಲಿನಿಕ್ ಇಡಬಹುದು. ಪ್ರತಿ ಮಗುವಿಗೆ ಎತ್ತರ, ತೂಕ, ಎಚ್‌ಬಿಎ1ಸಿ, ಟಿಎಸ್‌ಎಚ್, ಟಿಟಿಜಿ ಬರೆಯುವ ಒಂದು ಕಾರ್ಡ್ ಕೊಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತ ತೆಗೆದು ಸ್ಯಾಂಪಲ್ ಕಳಿಸಿದರೆ, ಪ್ರಯಾಣ ಮಾಡುವುದು ಟ್ಯೂಬ್, ಮಗುವಲ್ಲ. ನೂರರಷ್ಟು ಮಕ್ಕಳಿಗೆ ವರ್ಷಕ್ಕೊಮ್ಮೆ ಮಾಡುವ ಈ ಟೆಸ್ಟ್‌ಗಳ ಖರ್ಚು ಜಿಲ್ಲೆಯ ಆರೋಗ್ಯ ಬಜೆಟ್‌ನಲ್ಲಿ ದೊಡ್ಡ ಮೊತ್ತವೇನಲ್ಲ.

ಶಾಲೆಗಳಿಗೂ ಪಾಲಿದೆ. ಟೈಪ್ 1 ಇರುವ ಮಕ್ಕಳಿಗೆ ತರಗತಿಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿಂಡಿ ತಿನ್ನಲು ಬಿಡಬೇಕು ಅಂತ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲೇ ರಾಜ್ಯಗಳಿಗೆ ಬರೆದಿದೆ. ಅದನ್ನು ಬಿಇಒ ಕಚೇರಿಗಳು ಪ್ರತಿ ಮುಖ್ಯ ಶಿಕ್ಷಕರಿಗೆ ತಲುಪಿಸಬೇಕು. ಸೀಲಿಯಾಕ್ ಕೂಡ ಇರುವ ಮಗುವಿಗೆ, ಬಿಸಿಯೂಟದಲ್ಲಿ ಗೋಧಿಯ ಅಡುಗೆ ಇದ್ದ ದಿನ ಅನ್ನ-ಸಾಂಬಾರು ಕೊಡಲು ಅಡುಗೆಯವರಿಗೆ ಒಂದು ಮಾತು ಹೇಳಿದರೂ ಸಾಕು.

ಈ ನವೆಂಬರ್ 14ರಂದು ಜಿಲ್ಲಾ ಆರೋಗ್ಯಾಧಿಕಾರಿಗಳು ವೇದಿಕೆ ಏರಿದಾಗ ಒಂದು ಪ್ರಶ್ನೆ ಕೇಳೋಣ: ನಮ್ಮ ಜಿಲ್ಲೆಯಲ್ಲಿ ಟೈಪ್ 1 ಮಧುಮೇಹ ಇರುವ ಮಕ್ಕಳೆಷ್ಟು, ಅವರಲ್ಲಿ ಎಷ್ಟು ಮಂದಿಗೆ ಈ ವರ್ಷ ಥೈರಾಯ್ಡ್ ಮತ್ತು ಸೀಲಿಯಾಕ್ ಪರೀಕ್ಷೆ ಆಗಿದೆ? ಉತ್ತರ ಅಂಕಿಯಲ್ಲಿ ಬರಲಿ. ನಿಮ್ಮ ಮನೆಯಲ್ಲೇ ಇಂಥ ಮಗು ಇದ್ದರೆ ಅಲ್ಲಿಯವರೆಗೆ ಕಾಯಬೇಡಿ. ಮುಂದಿನ ಸಲ ಇನ್ಸುಲಿನ್‌ಗೆ ಹೋದಾಗ ವೈದ್ಯರನ್ನು ಕೇಳಿ: "ಸರ್, ಇವಳಿಗೆ ಟಿಎಸ್‌ಎಚ್ ಮತ್ತು ಟಿಟಿಜಿ ಕೊನೇ ಸಲ ಯಾವಾಗ ಆಗಿದ್ದು?"