ಜಪಾನಿಗೆ 'ಮಾ' ಇದ್ರೆ, ನಮಗೆ 'ಎಡೆ' ಇದೆ ಮಾರಾಯ್ರೆ!

1/5
ಕ್ಲಾಸ್ ಗ್ರೂಪಲ್ಲಿ ಅರ್ಧ ಜನ ಒಂದೇ ರೀಲ್ ಹಾಕಿದ್ರಿ. ಜಪಾನಿ ಭಾಷೇಲಿ 'ಮಾ' ಅಂತ ಪದ ಇದೆ, ಎರಡು ವಸ್ತುಗಳ ನಡುವಿನ ಜಾಗಕ್ಕೂ ಅದೇ, ಎರಡು ಮಾತಿನ ನಡುವಿನ ಮೌನಕ್ಕೂ ಅದೇ. ಚಂದದ ಪದ, ಒಪ್ಪಿದೆ. ಆದ್ರೆ ಕೆಳಗೆ ಒಬ್ರ ಕಮೆಂಟು: "ಕನ್ನಡದಲ್ಲಿ ಇಂಥದ್ದೆಲ್ಲ ಎಲ್ಲಿದೆ? ನಮಗೆ ಎಲ್ಲಾ 'ಜಾಗ'ನೇ." ಅದಕ್ಕೆ ಲೈಕು ಬೇರೆ! ಸಿಟ್ಟು ಬಂದಿದ್ದು ಇಲ್ಲಿ.

2/5
"ಕಲ್ಲಿನ ಎಡೇಲಿ ಏಡಿ ಕೂತಿದೆ." ಇದು ಜಾಗ. "ಎಡೆಬಿಡದೆ ಮಳೆ." ಇದು ಹೊತ್ತು. ಒಂದೇ ಪದ, ಎರಡೂ ಕೆಲಸ. ಹಳದೀಪುರದ ಮಳೆಗಾಲದಲ್ಲಿ ಕೂತು ಈ ಪದ ಇಲ್ಲ ಅಂತೀರಾ?

3/5
ಜಪಾನಿಯಲ್ಲಿ ಕೊರೆ, ಸೊರೆ, ಆರೆ: ನನ್ನ ಹತ್ರದ್ದು, ನಿನ್ನ ಹತ್ರದ್ದು, ಇಬ್ಬರಿಗೂ ದೂರದ್ದು. ನಮಗೆ ಇದು, ಅದು ಎರಡೇ. ಆದ್ರೆ ಹಳಗನ್ನಡದಲ್ಲಿ ಇವಂಗೂ ಅವಂಗೂ ನಡುವೆ 'ಉವಂ' ಇದ್ದ. ಹತ್ತಿರವೂ ಅಲ್ಲ, ದೂರವೂ ಅಲ್ಲ. 1894ರ ಕಿಟ್ಟೆಲ್ ನಿಘಂಟು ತೆಗೆದು ನೋಡಿ. ಇಲ್ಲದ ಪದ ಅಲ್ಲ ಅದು, ನಾವು ಕಳ್ಕೊಂಡ ಪದ.

4/5
ಈಗ್ಲೂ ಕಳ್ಕೊಳ್ತಾ ಇದ್ದೇವೆ. ಗಜನಿ ಅಂದ್ರೆ ಹೊಳೆಯ ಉಪ್ಪುನೀರು ಹತ್ತುವ ಗದ್ದೆ. ಮಳೆಗಾಲದಲ್ಲಿ ಕಗ್ಗ ಭತ್ತ, ಆಮೇಲೆ ಮೀನು, ಶೆಟ್ಲಿ. ಬೇಣ ಅಂದ್ರೆ ದನಕ್ಕೆ ಹುಲ್ಲು. ನಮ್ಮ ಬ್ಯಾಲೆನ್ಸ್ ಶೀಟಲ್ಲಿ ಎರಡೂ ಬರೀ 'ಲ್ಯಾಂಡ್'. ಮಾರೋರ ಬಾಯಲ್ಲಿ 'ಖಾಲಿ ಜಾಗ'. ಖಾಲಿ ಅಂದ ಕೂಡ್ಲೆ ಮಣ್ಣು ತುಂಬೋಕೆ ಯಾರಿಗೂ ಬೇಜಾರಿಲ್ಲ.

5/5
ಈ ಫೋಟೋ ನಮ್ಮನೆ ಹಳೇ ಜಗುಲಿದು. ಜಪಾನಿ ಮನೆಗಳಲ್ಲಿ ಒಳಗೂ ಹೊರಗೂ ನಡುವೆ 'ಎಂಗಾವಾ' ಅಂತ ಇರುತ್ತಲ್ಲ, ಅದನ್ನ ನೋಡಿ ಹಾರ್ಟ್ ಒತ್ತುತ್ತೇವೆ. ನಮ್ಮ ಜಗುಲಿಯನ್ನ 'ವೇಸ್ಟ್ ಸ್ಪೇಸ್' ಅಂತ ಮನೆ ರಿಪೇರೀಲಿ ಒಡೆದಾಯ್ತು. ಆಗ ನಾನೂ ಹೂಂ ಅಂದಿದ್ದೆ. ಕೇರಿಯ ಅಜ್ಜಿಯರು ಅಲ್ಲೇ ಕೂತು ಕವಳ ಹಾಕ್ತಿದ್ರು. ಈಗ ಗ್ರಿಲ್ಲು, ಬೆಲ್ಲು. ಯಾರೂ ಬರೋದಿಲ್ಲ.

ಜಪಾನಿ ಕಲೀರಿ, ಬೇಡ ಅನ್ನೋದಿಲ್ಲ. ಆದ್ರೆ ಕನ್ನಡದಲ್ಲಿ ಪದ ಇಲ್ಲ ಅನ್ನೋ ಮೊದಲು ಮನೇಲಿ ಅಜ್ಜಿ ಹತ್ರ ಒಂದ್ಸಲ ಕೇಳಿ. ನಿಮ್ಮೂರಿನ ಜಾಗದ ಒಂದು ಪದ ಕಮೆಂಟಲ್ಲಿ ಹಾಕಿ. 'ಜಾಗ' ಅಂತ ಮಾತ್ರ ಹಾಕ್ಬೇಡಿ!

#ಹಳದೀಪುರ #ನಮ್ಮಪದ #ಜಗುಲಿ